ಬಿಸಿ ಮುಚ್ಚಳಕ್ಕೆ ಕೈ ಹಾಕಬೇಡಿ

ನಮ್ಮ ಪ್ರೇಮ ಶುರುವಾದದ್ದು ಒಂದು ಏಟಿನಿಂದ. ಹೊಡೆದವಳು ನಾನು.

ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ರೇಡಿಯೇಟರ್ ಅಂಗಡಿ ಇದೆ. ಟ್ರ್ಯಾಕ್ಟರು, ಭತ್ತ ಕೊಯ್ಯುವ ಮಷಿನ್ನು, ಬೋರ್‌ವೆಲ್ ಲಾರಿ, ಹೀಗೆ ಕುದಿದು ಬಂದದ್ದನ್ನೆಲ್ಲ ತಣ್ಣಗೆ ಮಾಡಿ ಕಳಿಸುವುದು ನಮ್ಮ ಕಸುಬು. ಆ ಮಧ್ಯಾಹ್ನ ಅಂಗಡಿ ಮುಂದೆ ಹಬೆ ಉಗುಳುತ್ತ ಬಂದು ನಿಂತದ್ದು ಮಾತ್ರ ಇವ್ಯಾವುದೂ ಅಲ್ಲ. ಕೆಂಪು ಬಣ್ಣದ, ತಲೆ ಮೇಲೆ ಸೂರಿಲ್ಲದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ನಮ್ಮ ಅಪ್ಪಾಜಿ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದದ್ದು.

ಓಡಿಸುತ್ತಿದ್ದವನು ಕೆಳಗಿಳಿದ, ಬಾನೆಟ್ ಎತ್ತಿದ, ಕರ್ಚೀಫು ಸುತ್ತಿಕೊಂಡು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ. ನಾನು ಓಡಿ ಹೋಗಿ ಅವನ ಮಣಿಕಟ್ಟಿಗೆ ಫಟ್ ಅಂತ ಒಂದು ಬಿಟ್ಟೆ.

"ಬಿಸಿ ಮುಚ್ಚಳಕ್ಕೆ ಕೈ ಹಾಕ್ತೀರೇನ್ರೀ? ಕುದಿಯೋ ನೀರು ಮುಖಕ್ಕೆ ಹಾರ್ತಿತ್ತು."

ಅವನು ಮಣಿಕಟ್ಟು ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ. ನೋಡಿದ್ದು ಸ್ವಲ್ಪ ಹೆಚ್ಚೇ ಹೊತ್ತು.

"ಮುಖ ಉಳೀತು. ಕೈ ಹೋಯ್ತು," ಅಂದ.

ನಾನು ನಗಲಿಲ್ಲ. ಅಪರಿಚಿತ ಗಂಡಸರು ತಮಾಷೆ ಮಾಡಿದರೆ ನನಗೆ ಮೊದಲು ಬರುವುದು ಅನುಮಾನ, ನಗು ಆಮೇಲೆ.

ಅದಕ್ಕೆ ಕಾರಣವಿದೆ. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು, ಗುಟ್ಟಾಗಿ ಹೆಣ್ಣು ನೋಡುವ ಇನ್ನೊಂದು ಶಾಸ್ತ್ರ ಇದೆ. ಅದಕ್ಕೆ ಉಪ್ಪಿಟ್ಟು ಕೇಸರಿಬಾತು ಇಲ್ಲ. ಗಂಡಿನ ಕಡೆಯವರು ಗಿರಾಕಿಯ ಹಾಗೆ ಅಂಗಡಿಗೆ ಬರುತ್ತಾರೆ, ಟ್ರ್ಯಾಕ್ಟರ್ ರೇಡಿಯೇಟರಿನ ರೇಟು ಕೇಳುತ್ತಾರೆ, ಕಣ್ಣು ಮಾತ್ರ ನನ್ನ ಕೈ ಮೇಲೆ. ಬೆಸುಗೆ ಹಾಕುವ ಕೈಯಲ್ಲಿ ಸುಟ್ಟ ಕಲೆ ಇರುತ್ತದೆ, ಇನ್ನೇನಿರುತ್ತದೆ? ಆಮೇಲೆ ದಲ್ಲಾಳಿಯ ಕಡೆಯಿಂದ ಸುದ್ದಿ ಬರುತ್ತದೆ, ಹುಡುಗಿ ಲಕ್ಷಣವಾಗಿದಾಳೆ, ಆದರೆ ಕೈ ನೋಡಿದ್ರೆ ಗಂಡಸಿನ ಕೈ ಅನ್ಸುತ್ತೆ ಅಂತ. ಹೀಗೆ ಆಗಿ ಆಗಿ, ಪ್ರಶ್ನೆ ಕೇಳುವ ಗಿರಾಕಿ ಬಂದರೆ ನಾನು ಕೈಗೆ ಗ್ಲೌಸ್ ಹಾಕಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದೆ. ಅವತ್ತೂ ಹಾಕಿಕೊಂಡೆ.

"ಎಲ್ಲಿಂದ ಬಂದ್ರಿ?"

"ಸೊರಬ. ಅಲ್ಲಿ ಸರ್ವೆಯರ್ ಆಗಿದೀನಿ. ಜಮೀನು ಅಳೆಯೋ ಕೆಲಸ. ರೇಣುಕಾಪ್ರಸಾದ್ ಅಂತ."

"ಸೊರಬಕ್ಕೆ ಸಾಗರ ಹತ್ರ. ಅಲ್ಲಿ ಮೆಕ್ಯಾನಿಕ್ ಇಲ್ವೇನ್ರೀ?"

"ಇದಾರೆ. ಅವರು ಇದನ್ನ ಕಿತ್ತು ಬೇರೆ ಕಾರಿಂದು ಹಾಕ್ತೀನಿ ಅಂದ್ರು. ನಂಗೆ ಅಜ್ಜನ ಕಾರು ಹೆಂಗಿದೆಯೋ ಹಂಗೇ ಇರ್ಬೇಕು. ಹಳೇ ರೇಡಿಯೇಟರ್ ಹಂಗೇ ಉಳಿಸಿ ಕೊಡೋರು ಶಿಕಾರಿಪುರದ ಪಂಚಾಕ್ಷರಪ್ಪನವರು ಅಂದ್ರು, ಬಂದೆ."

"ಅವ್ರು ನಮ್ಮ ಅಪ್ಪಾಜಿ. ಅವ್ರಿಗೆ ಸೊಂಟ ನೋವು. ಈಗ ಕೆಲಸ ಎಲ್ಲಾ ನಂದು."

"ಗೊತ್ತು, ನಾಗಶ್ರೀ ಅವ್ರೇ."

ಹೆಸರು ಕೇಳಿ ನನ್ನ ಬೆನ್ನು ನೆಟ್ಟಗಾಯಿತು. "ಹೆಂಗ್ ಗೊತ್ತು?"

ಅವನು ನನ್ನ ತಲೆಯ ಮೇಲಿನ ಬೋರ್ಡು ತೋರಿಸಿದ. ಅಪ್ಪಾಜಿಯ ಹೆಸರಿನ ಕೆಳಗೆ ನನ್ನ ಹೆಸರು, ನಾನೇ ಹಟ ಮಾಡಿ ಬರೆಸಿದ್ದು, ದಪ್ಪಗೆ ಇತ್ತು.

ಎದುರಿನ ಟೀ ಅಂಗಡಿಯಲ್ಲಿ ಶಿವರಾಮಣ್ಣ ಕಿಸಕ್ಕನೆ ನಕ್ಕ. ಶಿವರಾಮಣ್ಣನಿಗೆ ಕೇಳಿಸಿದ್ದು ಊರಿಗೆಲ್ಲ ಕೇಳಿಸಿದ ಹಾಗೆ. "ನಾಗಕ್ಕ, ಅದು ಟ್ರ್ಯಾಕ್ಟರ್ ಅಲ್ಲವ್ವ, ಸಿನಿಮಾದವ್ರ ಕಾರು. ಹೆಣ್ಮಕ್ಳ ಕೈಲಿ ಆಗತ್ತೋ, ಲೋಕೇಶನ್ನ ಕರೀಲೋ," ಅಂದ.

ಲೋಕೇಶ ನನ್ನ ಚಿಕ್ಕಪ್ಪನ ಮಗ. ಅಪ್ಪಾಜಿ ಒಳಗಿನ ಬೆಂಚಿನ ಮೇಲೆ ಮಲಗಿಕೊಂಡೇ ಒಂದು ತಿಂಗಳಿಂದ ಹೇಳುತ್ತಿದ್ದರು, ದೀಪಾವಳಿ ಕಳೀಲಿ, ಅಂಗಡಿ ಲೋಕೇಶ ನೋಡ್ಕೊಳ್ಳಲಿ, ನಿನಗೂ ಒಂದು ದಾರಿ ಆಗ್ಬೇಕಲ್ಲ ಅಂತ. ನನ್ನ ದಾರಿ ಈ ಅಂಗಡಿಯೇ ಎಂದು ಅವರಿಗೆ ಮಾತಿನಲ್ಲಿ ಹೇಳಿದರೆ ಕೇಳಿಸುತ್ತಿರಲಿಲ್ಲ, ಕೆಲಸದಲ್ಲಿ ತೋರಿಸಬೇಕಿತ್ತು. ಊರೆಲ್ಲ ನಿಂತು ನೋಡುವ ಕೆಂಪು ಕಾರು ತಾನಾಗಿ ಬಾಗಿಲಿಗೆ ಬಂದಿತ್ತು. ಇದನ್ನು ತಣ್ಣಗೆ ಮಾಡಿದರೆ ಅಂಗಡಿ ನನ್ನದು, ಇಲ್ಲದಿದ್ದರೆ ಲೋಕೇಶನದು. ಅಷ್ಟು ಸರಳವಾಗಿತ್ತು.

"ಬಿಟ್ಟು ಹೋಗ್ರಿ. ಮಾಡ್ತೀನಿ," ಅಂದೆ.

ಹಳೇ ರೇಡಿಯೇಟರ್ ಬಿಚ್ಚಿ ನೋಡಿದರೆ ಕೊಳವೆಗಳೊಳಗೆ ಕಂದು ಹಳದಿ ಕೆಸರು ಗಟ್ಟಿಯಾಗಿ ಕೂತಿತ್ತು. ತುಕ್ಕು ಅಂದುಕೊಂಡು ತೆಗೆದು ಎಸೆದೆ. ಎಲ್ಲದಕ್ಕೂ ಅನುಮಾನ ಪಡುವ ನಾನು ಅನುಮಾನ ಪಡಬೇಕಾಗಿದ್ದ ಆ ಒಂದು ಜಾಗದಲ್ಲಿ ಪಡಲಿಲ್ಲ.

ಮೇಲಿನ ಕೆಳಗಿನ ಹಿತ್ತಾಳೆ ಟ್ಯಾಂಕುಗಳನ್ನು ಹಾಗೇ ಉಳಿಸಿಕೊಂಡು, ನಡುವೆ ಎರಡು ಸಾಲಿನ ದಪ್ಪ ಕೊಳವೆಗಳ ಬದಲು ಮೂರು ಸಾಲು ಸಣ್ಣ ಕೊಳವೆ ಕೂರಿಸಿದೆ. ಸಣ್ಣ ಕೊಳವೆ ಹೆಚ್ಚಿದ್ದಷ್ಟೂ ನೀರಿಗೆ ಗಾಳಿ ತಾಗುತ್ತದೆ, ಬೇಗ ತಣಿಯುತ್ತದೆ. ಎಂಜಿನ್ ಫ್ಯಾನಿನ ಸುತ್ತ ತಗಡಿನ ಗೂಡು ಮಾಡಿದೆ, ಗಾಳಿ ಆಚೀಚೆ ತಪ್ಪಿಸಿಕೊಳ್ಳದೆ ರೇಡಿಯೇಟರಿನ ಮೂಲಕವೇ ನುಗ್ಗಲಿ ಎಂದು. ಮುಂದೆ ಇನ್ನೊಂದು ಫ್ಯಾನು, ಬ್ಯಾಟರಿಯಿಂದ ತಿರುಗುವಂಥದ್ದು. ಏರಿನಲ್ಲಿ ಕಾರು ಎಷ್ಟು ನಿಧಾನವಾದರೂ ಅದು ನಿಧಾನವಾಗುವುದಿಲ್ಲ. ಕೊನೆಗೆ ಬೋರ್ ನೀರಿನ ಬದಲು ಬೇಗ ಕುದಿಯದ ಹಸಿರು ಕೂಲೆಂಟ್ ತುಂಬಿದೆ. ಹೊರಗಿನಿಂದ ನೋಡಿದರೆ ಮಾತ್ರ ಅದೇ ಹಳೇ ಕಾರು, ಅದೇ ಹಳೇ ಮೂತಿ.

ಅವನು ಕಾರು ಒಯ್ಯಲು ಬಂದ ದಿನ, ಓಡಿಸಿ ನೋಡದೆ ಕೊಡುವುದಿಲ್ಲ ಅಂದೆ. ಅವನು ಓಡಿಸಿದ, ನಾನು ಪಕ್ಕದಲ್ಲಿ ಕೂತು ಟೆಂಪರೇಚರ್ ಮುಳ್ಳು ನೋಡುತ್ತಿದ್ದೆ. ಅಂಜನಾಪುರ ಡ್ಯಾಮಿನ ಕಡೆ ಹೋಗುವಾಗ ಎರಡೂ ಕಡೆ ಭತ್ತದ ಗದ್ದೆ ಹಸಿರಾಗಿತ್ತು, ಕಾಲುವೆಯಲ್ಲಿ ನೀರಿತ್ತು. ಸೂರಿಲ್ಲದ ಕಾರಿನಲ್ಲಿ ಗಾಳಿಗೆ ನನ್ನ ವೇಲು ಹಾರಿ ಹಾರಿ ಅವನ ಮುಖಕ್ಕೆ ಬಡಿಯುತ್ತಿತ್ತು. ಅವನು ಅದನ್ನು ಪಕ್ಕಕ್ಕೆ ಸರಿಸಲೂ ಇಲ್ಲ.

ಕನ್ನಡಿಯ ಕಡೆ ಕಣ್ಣು ಹೋಯಿತು. ಹಿಂದಿನ ರಸ್ತೆ ಕಾಣಬೇಕಾದ ಜಾಗದಲ್ಲಿ ನನ್ನ ಕಿವಿಯ ಓಲೆ ಕಾಣುತ್ತಿತ್ತು.

"ಕನ್ನಡಿ ಸರಿ ಮಾಡ್ಕೊಳ್ರಿ. ಹಿಂದೆ ಲಾರಿ ಬರ್ತೈತಿ."

"ಸರಿಯಾಗೇ ಇತ್ತು," ಅಂದ. ಆದರೂ ತಿರುಗಿಸಿದ. ಅವನ ಕಿವಿ ಕೆಂಪಗಾಗಿದ್ದು ಬಿಸಿಲಿಗೋ ಏನೋ, ನಾನು ವಿಚಾರಿಸಲಿಲ್ಲ.

ಡ್ಯಾಮಿನ ಏರಿಯ ಹತ್ತಿರ ಕಾರು ನಿಲ್ಲಿಸಿದೆವು. ಮುಳ್ಳು ಸರೀ ನಡುವೆ, ಎಲ್ಲಿರಬೇಕೋ ಅಲ್ಲೇ ನಿಂತಿತ್ತು. ಅದನ್ನು ನೋಡುತ್ತ ಅವನು ತನ್ನ ಅಜ್ಜಿಯ ಕಥೆ ಹೇಳಿದ. ಅಜ್ಜಿಯ ಹೆಸರು ಹಾಲಮ್ಮ. ಚಂದ್ರಗುತ್ತಿ ಗುಡ್ಡದ ದೇವಿ ರೇಣುಕಮ್ಮ ಎಂದರೆ ಪ್ರಾಣ, ಮೊಮ್ಮಗನಿಗೆ ಹೆಸರಿಟ್ಟದ್ದೂ ಅದಕ್ಕೇ. ಅಜ್ಜ ಈ ಕಾರು ತಂದಾಗ ಅವಳನ್ನು ಇದರಲ್ಲೇ ಗುಡ್ಡಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದನಂತೆ. ಹೊರಟಾಗಲೆಲ್ಲ ದೇವಸ್ಥಾನದ ಏರಿನಲ್ಲಿ ಕಾರು ಕುದಿದು ನಿಂತಿತು. ಅಮ್ಮನಿಗೆ ನಾನು ಮೆರೆದುಕೊಂಡು ಬರೋದು ಇಷ್ಟ ಇಲ್ಲ ಎಂದು ಅಜ್ಜಿಯ ಮನಸ್ಸಿಗೆ ಬಂದುಬಿಟ್ಟಿತು. ಅಜ್ಜ ತೀರಿಕೊಂಡ ಮೇಲೆ ಕಾರು ಶೆಡ್ಡು ಸೇರಿತು.

"ಒಂದೇ ಒಂದು ಸಲ ಅವಳನ್ನ ಮೇಲೆ ಹತ್ತಿಸ್ಬೇಕು," ಅಂದ. "ಅಜ್ಜನ ಮಾತು ಅದು."

ನನಗೆ ಮನಸ್ಸು ಮೆತ್ತಗಾಯಿತು. ಇವನು ಗುಟ್ಟಾಗಿ ಹೆಣ್ಣು ನೋಡುವ ಜಾತಿಯವನಲ್ಲ ಅನ್ನಿಸಿತು.

"ಸರ್ವೆಯರ್ ಕಣ್ಣಿಗೆ ಎಲ್ಲಾದಕ್ಕೂ ಚಕ್ಕುಬಂದಿ ಬೇಕು," ಅಂದ ಅವನು ನೀರಿನ ಕಡೆ ನೋಡುತ್ತ. "ನಾಲ್ಕು ದಿಕ್ಕಿಗೆ ಏನೇನಿದೆ ಅಂತ ಬರ್ದ್ರೇನೇ ನಂಗೆ ಜಾಗ ಅರ್ಥ ಆಗೋದು."

"ನಂಗೆ ಬರೀರಿ ನೋಡೋಣ."

"ಪೂರ್ವಕ್ಕೆ ಅಂಗಡಿ. ಪಶ್ಚಿಮಕ್ಕೆ ಅಪ್ಪಾಜಿ. ಉತ್ತರಕ್ಕೆ ಶಿವರಾಮಣ್ಣನ ಬಾಯಿ."

"ದಕ್ಷಿಣಕ್ಕೆ?"

"ಅನುಮಾನ. ಅಲ್ಲಿ ದೊಡ್ಡ ಕಲ್ಲು ನೆಟ್ಟಿದೀರ."

ನಕ್ಕುಬಿಟ್ಟೆ. ತಡೆಯಲು ಆಗಲಿಲ್ಲ. ಗ್ಲೌಸ್ ಅಂಗಡಿಯಲ್ಲೇ ಬಿಟ್ಟು ಬಂದಿದ್ದೇನೆ ಎಂದು ಆಗ ನೆನಪಾಯಿತು. ಅವನು ನನ್ನ ಕೈ ನೋಡುತ್ತಿದ್ದ, ಸುಟ್ಟ ಕಲೆಗಳನ್ನು. ನೋಡಿ ಕೇಳಿದ, "ನಿಮ್ಮ ಮನೆದೇವ್ರು ಯಾವ್ದು?"

ನಗು ಅಲ್ಲೇ ಆರಿಹೋಯಿತು. ನಮ್ಮ ಕಡೆ ಮನೆದೇವರು ಯಾವುದು ಅಂತ ಯಾರೂ ಸುಮ್ಮನೆ ಕೇಳುವುದಿಲ್ಲ. ಸಂಬಂಧ ಕುದುರಿಸುವವರು ಮೊದಲು ಕೇಳುವುದೇ ಅದನ್ನು.

"ರೇಡಿಯೇಟರಿಗೂ ಮನೆದೇವ್ರಿಗೂ ಏನ್ರೀ ಸಂಬಂಧ?"

"ಅಜ್ಜಿ ಕೇಳ್ಕೊಂಡು ಬಾ ಅಂದಿದ್ರು," ಎಂದು ತಡವರಿಸಿದ.

ಅಂದರೆ ಮನೆಯಲ್ಲಿ ಮಾತಾಗಿದೆ. ಅಂದರೆ ಇವನೂ ಅದೇ. ಅಂಗಡಿಗೆ ವಾಪಸ್ ಬರುವವರೆಗೂ ನಾನು ಮುಳ್ಳು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಅವನು ಮಾತ್ರ ಆಮೇಲೆ ದಿನಾ ಬೆಳಿಗ್ಗೆ ಆ ಮುಳ್ಳಿನ ಫೋಟೋ ಕಳಿಸತೊಡಗಿದ. ಕೆಳಗೆ ಒಂದೇ ಮಾತು, 'ಇವತ್ತೂ ನಡುವೆ.' ನಾನು ಉತ್ತರ ಬರೆಯುತ್ತಿರಲಿಲ್ಲ. ಆದರೆ ಬೆಳಿಗ್ಗೆ ಫೋನು ಎಲ್ಲಿಟ್ಟಿದ್ದೇನೆ ಎಂದು ಹುಡುಕುವುದು ಶುರುವಾಯಿತು. ಒಂದು ದಿನ ಫೋಟೋ ಬರಲಿಲ್ಲ. ಮಧ್ಯಾಹ್ನ ಕಾರೇ ಬಂತು, ಹಬೆಯ ಸಮೇತ.

"ಶಿರಾಳಕೊಪ್ಪ ದಾಟ್ತಿದ್ದಂಗೆ ಮುಳ್ಳು ಮೇಲೆ ಹೋಯ್ತು," ಅಂದ.

ತಣ್ಣಗಾದ ಮೇಲೆ ಕೆಳಗಿನ ನಲ್ಲಿ ಬಿಚ್ಚಿದೆ. ಹಸಿರು ಕೂಲೆಂಟ್ ಬರಬೇಕಾದಲ್ಲಿ ಹಳದಿ ಗಂಜಿ ಬಂತು. ಮೂಗಿಗೆ ಹಿಡಿದೆ. ಅರಿಶಿನ. ರೇಡಿಯೇಟರ್ ಸೋರಿದರೆ ಲಾರಿ ಡ್ರೈವರುಗಳು ಹಿಡಿ ಅರಿಶಿನ ಹಾಕುವುದುಂಟು, ತೂತು ಮುಚ್ಚಿಕೊಳ್ಳಲಿ ಎಂದು. ತೂತಿನ ಜೊತೆಗೆ ಕೊಳವೆಗಳೂ ಮುಚ್ಚಿಕೊಳ್ಳುತ್ತವೆ. ನಾನು ಹಾಕಿದ್ದು ಸಣ್ಣ ಕೊಳವೆ, ಇನ್ನೂ ಬೇಗ ಕಟ್ಟಿದ್ದವು.

"ಯಾರ ಕೈಗೆ ಕೊಟ್ಟಿದ್ರಿ ಕಾರನ್ನ?"

"ಯಾರ್ಗೂ ಇಲ್ಲ."

"ನೀವು ಹಾಕಿದ್ರಾ?"

"ದೇವರಾಣೆ ಇಲ್ಲ," ಅಂದ. ಅಂದವನು ಹಳದಿ ನೀರನ್ನು ನೋಡಿ ಏನೋ ಹೊಳೆದವನ ಹಾಗೆ ಬಾಯಿ ಮುಚ್ಚಿಕೊಂಡ. ಅದನ್ನು ನಾನು ಗಮನಿಸಿದೆ.

ತೊಳೆದು, ಒತ್ತಡದ ನೀರು ಹಾಯಿಸಿ, ಮತ್ತೆ ತುಂಬಿಸಿ ಕಳಿಸಿದೆ. ಶಿವರಾಮಣ್ಣ ಅವತ್ತು ಬಂದವರಿಗೆಲ್ಲ ಟೀ ಜೊತೆ ಕೆಂಪು ಕಾರು ವಾಪಸ್ ಬಂದ ಸುದ್ದಿಯನ್ನೂ ಕೊಟ್ಟ. ರೇಡಿಯೇಟರ್ ಕೊಟ್ಟಿದ್ದ ಒಬ್ಬ ಟ್ರ್ಯಾಕ್ಟರಿನವನು ಸಂಜೆ ಬಂದು, ಅರ್ಜೆಂಟ್ ಐತಿ ಶಿರಾಳಕೊಪ್ಪದಲ್ಲೇ ಮಾಡಿಸ್ಕೋತೀನಿ ಎಂದು ಎತ್ತಿಕೊಂಡು ಹೋದ. ಅಪ್ಪಾಜಿ ಎಲ್ಲ ಕೇಳಿಸಿಕೊಂಡರು. ಬೆಂಚಿನ ಮೇಲೆ ಗೋಡೆಯ ಕಡೆ ಹೊರಳಿಕೊಂಡರು. ಅದೇ ನನಗೆ ಹೆಚ್ಚು ಚುಚ್ಚಿತು.

ಮೂರನೇ ಸಲ ಕಾರು ಕುದಿದು ಬಂದದ್ದು ಸಂತೆಯ ದಿನ. ಊರಿನ ಅರ್ಧ ಜನ ರಸ್ತೆಯಲ್ಲಿದ್ದರು. ಹಬೆ ಬಿಡುತ್ತಿದ್ದ ಕೆಂಪು ಕಾರಿಗೆ ಜನ ದಾರಿ ಬಿಟ್ಟರು, ದಾರಿ ಬಿಟ್ಟು ಸೀದಾ ನಮ್ಮ ಅಂಗಡಿಯ ಕಡೆ ನೋಡಿದರು.

ಅಪ್ಪಾಜಿ ಸೊಂಟ ಹಿಡಿದುಕೊಂಡು ಹೊರಗೆ ಬಂದರು. "ನಾಗೂ, ಲೋಕೇಶಂಗೆ ಫೋನ್ ಮಾಡಿ ಬಾ ಅನ್ನು. ಇನ್ನು ನಿಂಗೆ ಹೊರೆ ಬೇಡ," ಅಂದರು. ಬೈದು ಹೇಳಿದ್ದರೆ ವಾದ ಮಾಡುತ್ತಿದ್ದೆ. ಪ್ರೀತಿಯಿಂದ ಹೇಳಿದರು.

"ಸ್ವಲ್ಪ ತಡೀರಿ ಅಪ್ಪಾಜಿ," ಅಂದೆ.

ಎಂಜಿನ್ ತಣಿಯುವವರೆಗೆ ಕಾದೆ. ಆಮೇಲೆ ಮುಚ್ಚಳ ತೆಗೆದು ಬೆರಳು ಹಾಕಿದೆ. ಹಳದಿ ಗಂಜಿಯ ಜೊತೆ ಒಂದು ಬೇವಿನ ಎಲೆ, ಸೇವಂತಿಗೆಯ ಎರಡು ಎಸಳು ಬೆರಳಿಗೆ ಅಂಟಿ ಬಂದವು. ಯಾವ ಲಾರಿ ಡ್ರೈವರೂ ಸೋರುವ ರೇಡಿಯೇಟರಿಗೆ ಸೇವಂತಿಗೆ ಹಾಕುವುದಿಲ್ಲ. ಇದು ರಿಪೇರಿ ಅಲ್ಲ, ಪೂಜೆ.

ಬೆರಳನ್ನು ಅವನ ಮುಖದ ಮುಂದೆ ಹಿಡಿದೆ. "ಹೇಳ್ರಿ."

ಅವನು ತಲೆ ತಗ್ಗಿಸಿದ. "ಅಜ್ಜಿ. ಶುಕ್ರವಾರ ಕಾರಿಗೆ ಪೂಜೆ ಮಾಡ್ತೀನಿ, ಬಾಯಿ ತೆಗಿ ಅಂತಾರೆ. ನಾನು ನೀರು ಹಾಕೋ ಬಾಯೀನೇ ಅವರಿಗೆ ಬಾಯಿ. ಅಮ್ಮನ ಭಂಡಾರ, ಚಂದ್ರಗುತ್ತಿಯಿಂದ ತಂದಿದ್ದ ಅರಿಶಿನ, ಅದ್ರಲ್ಲಿ ಹಾಕಿದಾರೆ. ಮೊದಲ್ನೇ ಸಲ ನಂಗೆ ಗೊತ್ತಿರ್ಲಿಲ್ಲ."

"ಎರಡ್ನೇ ಸಲ?"

ಅವನು ಕರ್ಚೀಫು ತೆಗೆದು ಬಾನೆಟ್ ಒರೆಸತೊಡಗಿದ.

"ಎರಡ್ನೇ ಸಲ, ರೇಣುಕಾಪ್ರಸಾದ್?"

"ಪಕ್ಕದಲ್ಲೇ ನಿಂತಿದ್ದೆ. ಬೇಡ ಅನ್ಲಿಲ್ಲ."

"ಯಾಕೆ?"

"ಕಾರು ಸರಿಯಾಗಿದ್ರೆ ಇಲ್ಲಿ ಬರೋಕೆ ಕಾರಣ ಇರ್ತಿರ್ಲಿಲ್ಲ." ಕತ್ತೆತ್ತಿ ನೋಡಿದ. "ಮನೆದೇವ್ರು ಕೇಳಿದ್ದಕ್ಕೇ ನೀವು ಮಾತು ಬಿಟ್ರಿ. ಬೇರೆ ಹೆಂಗೆ ಬರ್ಲಿ?"

ಇಷ್ಟು ದಿನ ನಾನು ಅನುಮಾನ ಪಟ್ಟದ್ದೆಲ್ಲ ತಪ್ಪಾಗಿತ್ತು, ಪಡದೇ ಇದ್ದದ್ದು ನಿಜವಾಗಿತ್ತು. ಬೇರೆ ದಿನ ಆಗಿದ್ದರೆ ಆ ಮಾತು ಕೇಳಿ ನನ್ನ ಎದೆ ಏನಾಗುತ್ತಿತ್ತೋ. ಅವತ್ತು ಸಿಟ್ಟು ಬಂತು, ಕಣ್ಣಲ್ಲಿ ನೀರು ಬರುವಷ್ಟು.

"ನಿಮಗೆ ಅದು ಬರೋಕೆ ಒಂದು ನೆಪ. ನಂಗೆ ಇದು ಅಂಗಡಿ. ಅದೋ ನೋಡ್ರಿ, ಅಷ್ಟು ಜನ ನನ್ನ ಕೈಕೆಲಸ ಕೆಟ್ಟಿದೆ ಅಂತ ನೋಡ್ತಾ ನಿಂತಿದಾರೆ. ದೀಪಾವಳಿ ಕಳೆದ್ರೆ ಇದು ಲೋಕೇಶನ ಕೈ ಸೇರುತ್ತೆ. ಕಾರು ಇಲ್ಲೇ ಇರ್ಲಿ, ನೀವು ಬಸ್ ಹತ್ರಿ."

ಅವನ ಮುಖದ ಬಣ್ಣ ಇಳಿದುಹೋಯಿತು. ಅಂಗಡಿಯ ವಿಷಯ ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಕ್ಷಮಿಸಿ ಎಂದು ಅನ್ನಬಹುದು ಅಂದುಕೊಂಡೆ. ಅನ್ನಲಿಲ್ಲ. ಬಸ್ ಸ್ಟ್ಯಾಂಡಿನ ಕಡೆಗೂ ಹೋಗಲಿಲ್ಲ. ಸೀದಾ ರಸ್ತೆ ದಾಟಿ ಶಿವರಾಮಣ್ಣನ ಟೀ ಅಂಗಡಿಯ ಮುಂದೆ, ಸಂತೆಯ ಜನ ಗುಂಪಾಗಿ ನಿಂತಿದ್ದಲ್ಲಿಗೆ ಹೋದ.

"ಈ ಕಾರು ಎರಡು ಸಲ ಕುದೀತಲ್ಲ, ಅದು ಇವ್ರ ಕೆಲ್ಸ ಕೆಟ್ಟು ಅಲ್ಲ," ಅಂದ, ಜಮೀನಿನ ತಕರಾರಿನಲ್ಲಿ ಎರಡೂ ಕಡೆಯವರಿಗೆ ಕೇಳುವಂತೆ ಹೇಳುವ ದನಿಯಲ್ಲಿ. "ನಮ್ಮ ಮನೇಲಿ ಅದ್ರ ನೀರಿಗೆ ಭಂಡಾರ ಹಾಕಿದ್ವಿ. ಎರಡ್ನೇ ಸಲ ಹಾಕೋವಾಗ ನಾನು ಕಣ್ಣಾರೆ ನೋಡ್ದೆ, ತಡೀಲಿಲ್ಲ. ತಪ್ಪು ನಂದು."

"ಯಾಕ್ ತಡೀಲಿಲ್ರೀ ಸರ್ವೆಯರ್ರೇ?" ಅಂದ ಶಿವರಾಮಣ್ಣ.

"ಮತ್ತೆ ಇಲ್ಲಿಗೆ ಬರ್ಬೇಕಿತ್ತು."

ಸಂತೆಗೆ ಸಂತೆಯೇ ನಕ್ಕಿತು. "ಅರಿಶಿನ ಹಚ್ಚೋದು ಎಂಜಿನ್ನಿಗಲ್ರೀ, ಮದುಮಗಂಗೆ," ಎಂದು ಶಿವರಾಮಣ್ಣ ಕೂಗಿದ. ರೇಣುಕಾಪ್ರಸಾದ್ ಆ ನಗುವಿಗೆ ಗುರಿಯಾಗಿ ನಿಂತೇ ಇದ್ದ. ಎಲ್ಲರ ನಗು ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಕಡೆ ನಡೆದ.

ಜನರ ಮುಂದೆ ಒಪ್ಪಿಕೊಂಡ ಮಾತ್ರಕ್ಕೆ ನಂಬಿಬಿಡಬೇಕೇ, ಅದೂ ಒಂದು ನಾಟಕ ಇರಬಹುದು ಎಂದು ನನ್ನ ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸು ಅವನು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ ನಿಂತಿತ್ತು.

ಅಪ್ಪಾಜಿ ನನ್ನ ಬೆರಳಿನ ಹಳದಿ ನೋಡಿದರು. "ಕೆಲ್ಸ ಕೆಟ್ಟಿಲ್ಲ ಅಂತ ಆತಲ್ಲ. ಸರಿ, ಗುಡ್ಡ ಹತ್ತಿಸಿ ತೋರ್ಸು. ಹತ್ತಿದ್ರೆ ಲೋಕೇಶಂಗೆ ನಾನೇ ಹೇಳ್ತೀನಿ," ಅಂದರು.

ಕೊಳವೆಗಳನ್ನು ಮತ್ತೆ ತೊಳೆದೆ. ಆದರೆ ತೊಳೆದರೆ ಮುಗಿಯಲಿಲ್ಲ. ಅಜ್ಜಿಗೆ ಹಾಕಬೇಡ ಎಂದು ಹೇಳಬಹುದು. ಹೇಳಿದರೆ ಅವಳು ನಾವಿಲ್ಲದಾಗ ಹಾಕುತ್ತಾಳೆ. ದೇವರಿಗೆ ಕೊಡಬೇಕೆಂದು ಎತ್ತಿದ ಕೈಗೆ ಕೊಡುವ ಜಾಗ ಬೇಕು. ಹಳೇ ಮುಚ್ಚಳ ತೆಗೆದು ಸ್ಪ್ಯಾನರ್ ಇಲ್ಲದೆ ಬಿಚ್ಚಲಾಗದ ಮುಚ್ಚಳ ಕೂರಿಸಿದೆ. ಬಿಸಿಗೆ ಉಕ್ಕಿದ ಕೂಲೆಂಟ್ ಹೋಗಿ ಸೇರಲು, ತಣಿದಾಗ ವಾಪಸ್ ಬರಲು ಪಕ್ಕದಲ್ಲಿ ಒಂದು ಬಾಟಲಿ ಇಟ್ಟೆ. ಆಮೇಲೆ ಅಂಗಡಿಯ ಮೂಲೆಯಲ್ಲಿದ್ದ ಹಳೇ ಹಿತ್ತಾಳೆಯಲ್ಲಿ ಒಂದು ಪುಟ್ಟ ಬಟ್ಟಲು ಮಾಡಿ, ತಿಕ್ಕಿ ಹೊಳಪು ಕೊಟ್ಟು, ಮುಚ್ಚಳದ ಮುಂದೆಯೇ ಬೆಸುಗೆ ಹಾಕಿದೆ. ಬಾನೆಟ್ ಎತ್ತಿದರೆ 'ಬಾಯಿ' ಎಂದು ಕಾಣುವುದು ಆ ಬಟ್ಟಲೇ.

ಗುಡ್ಡಕ್ಕೆ ಹೊರಡಲು ಅಜ್ಜಿಗೆ ಹೇಳ್ರಿ ಎಂದಷ್ಟೇ ಅವನಿಗೆ ಮೆಸೇಜು ಹಾಕಿ, ಶುಕ್ರವಾರ ನಾನೇ ಕಾರು ಓಡಿಸಿಕೊಂಡು ಸೊರಬಕ್ಕೆ ಹೋದೆ. ಹಾಲಮ್ಮಜ್ಜಿ ಹಸಿರು ಇಳಕಲ್ ಸೀರೆ ಉಟ್ಟು ಬಾಗಿಲಲ್ಲೇ ಕಾಯುತ್ತಿದ್ದಳು. ಹಿಂದೆ ಅವನು ನಿಂತಿದ್ದ. ನಾನು ಅವನನ್ನು ಮಾತಾಡಿಸಲಿಲ್ಲ. ಬಾನೆಟ್ ಎತ್ತಿ ಅಜ್ಜಿಗೆ ಬಟ್ಟಲು ತೋರಿಸಿದೆ.

"ಇದು ಎಂತದು ಮಗಳೇ?"

"ಇದ್ರ ಬಾಯಿ ಅಜ್ಜಿ. ನೀವು ಹಾಕೋದೆಲ್ಲ ಇದ್ರಲ್ಲಿ ಹಾಕ್ರಿ."

ಅಜ್ಜಿ ಬಟ್ಟಲನ್ನು ಬೆರಳಿನಿಂದ ಸವರಿದಳು, ನನ್ನ ಕೈಯ ಕಲೆಗಳನ್ನೂ ಸವರಿದಳು. ಚಿಟಿಕೆ ಭಂಡಾರ ಬಟ್ಟಲಿಗೆ ಹಾಕಿ, ಉಳಿದದ್ದನ್ನು ನನ್ನ ಹಣೆಗೆ ಹಚ್ಚಿದಳು. ಅವನು ಸ್ಟೀರಿಂಗ್ ಕಡೆ ಹೋದ.

"ನೀನು ಬೈಕಲ್ಲಿ ಬಾರೋ. ಇಬ್ರೇ ಕೂರೋ ಕಾರು. ಮಾಡ್ದೋಳೇ ನಡೆಸ್ಲಿ," ಅಂದಳು ಅಜ್ಜಿ.

ಸೊರಬ ಬಿಟ್ಟು ಚಂದ್ರಗುತ್ತಿಯ ದಾರಿ ಹಿಡಿದೆವು. ಅಜ್ಜಿ ಗಾಳಿಗೆ ಸೆರಗು ಹಿಡಿದುಕೊಂಡು ಕೂತಿದ್ದಳು. ಎದುರಿಗೆ ಗುಡ್ಡ ಕಾಣತೊಡಗಿದಾಗ ಇದ್ದಕ್ಕಿದ್ದಂತೆ ಕೇಳಿದಳು.

"ನಮ್ಮ ಪ್ರಸಾದ ನಿಮ್ಮ ಮನೆದೇವ್ರು ಯಾವ್ದು ಅಂತ ಕೇಳಿದ್ನಂತೆ, ನೀನು ಹೇಳ್ಲಿಲ್ವಂತೆ?"

"ನೀವೇ ಕೇಳ್ಕೊಂಡು ಬಾ ಅಂದ್ರಂತಲ್ಲ?"

"ನಾನೆಂತಕ್ಕೆ ಕೇಳ್ಲಿ? ನಂಗೆ ನೀನಿರೋದೇ ಗೊತ್ತಿರ್ಲಿಲ್ಲ. ಮೊನ್ನೆ ಕಾರಿಲ್ದೆ ಬಸ್ಸಲ್ಲಿ ಬಂದು ಊಟ ಬಿಟ್ಟು ಕೂತಿದ್ದ, ಆವಾಗ ಬಾಯಿ ಬಿಡಿಸ್ದೆ." ಅಜ್ಜಿ ಜಾರಿದ ಸೆರಗನ್ನು ಮತ್ತೆ ತಲೆಗೆ ಎಳೆದುಕೊಂಡಳು. "ಎರಡ್ನೇ ಸಲ ಭಂಡಾರ ಹಾಕೋ ಮುಂಚೆ ನಂಗೆ ಗೊತ್ತಿತ್ತು ಮಗಳೇ. ನೀರಿಗೆ ಅರಿಶಿನ ಬಿದ್ದು ಕಾರು ಕೆಟ್ಟಿತ್ತು ಅಂತ ಅವ್ನೇ ಹೇಳಿದ್ದ. ಆದ್ರೂ ಹಿಡಿ ಎತ್ಕೊಂಡು ಅವ್ನ ಮುಖ ನೋಡ್ದೆ. ಬೇಡ ಅಂದಿದ್ರೆ ಬಿಡ್ತಿದ್ದೆ. ಬೇಡ ಅನ್ಲಿಲ್ಲ. ಆವಾಗ ತಿಳೀತು, ಇವ್ನಿಗೆ ಶಿಕಾರಿಪುರದಲ್ಲಿ ಏನೋ ಆಗಿದೆ ಅಂತ."

ನನಗೆ ನಗು ಬಂತು. ಅಜ್ಜಿ ನಗಲಿಲ್ಲ. ದೇವಸ್ಥಾನದ ಏರು ಶುರುವಾಗಿತ್ತು. ನಾನು ಗೇರು ಇಳಿಸಿದೆ. ಮುಂದಿನ ಫ್ಯಾನು ತಾನಾಗಿ ತಿರುಗತೊಡಗಿದ್ದು ಕೇಳಿಸಿತು.

"ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ," ಅಂದಳು ಅಜ್ಜಿ, ಮೆಲ್ಲಗೆ. "ಇವ್ನಜ್ಜ ಇದ್ದಾಗ್ಲೂ ಹೊರಡೋ ಮುಂಚೆ ಪ್ರತೀ ಸಲ ನಾನೇ ಹಾಕ್ತಿದ್ದೆ, ಅವ್ರಿಗೆ ಹೇಳ್ದೇನೇ. ಈ ಏರಲ್ಲೇ ನಿಲ್ತಿತ್ತು. ಅವ್ರು ಬಿಸಿಲಲ್ಲಿ ನೀರು ಹೊತ್ಕೊಂಡು ಬರೋರು. ಅಮ್ಮಂಗೆ ಬೇಡ ಅಂತ ನಾನು ಅಳ್ತಾ ಕೂರ್ತಿದ್ದೆ. ನಿಜ ಹೇಳು ಮಗಳೇ, ಆವಾಗ್ಲೂ ನನ್ನ ಕೈಯಿಂದ್ಲೇ ಕುದೀತಾ?"

ಹಳೇ ಕೊಳವೆಗಳಲ್ಲಿ ಗಟ್ಟಿಯಾಗಿ ಕೂತಿದ್ದ ಆ ಕಂದು ಹಳದಿ ಕೆಸರು ನೆನಪಾಯಿತು. ಅದು ತುಕ್ಕಲ್ಲ. ಅಜ್ಜಿ ವರ್ಷವರ್ಷ ಅರ್ಪಿಸಿದ್ದು, ಅಜ್ಜನ ಮಾತನ್ನು ಈ ಏರಿನಲ್ಲಿ ನಿಲ್ಲಿಸಿದ್ದು.

"ಇಲ್ಲಜ್ಜಿ," ಅಂದೆ. "ಆವಾಗ ಕೊಳವೆ ದಪ್ಪ ಇದ್ವು, ಅರಿಶಿನ ಏನೂ ಮಾಡ್ತಿರ್ಲಿಲ್ಲ. ಫ್ಯಾನು ಸಣ್ಣದು, ಏರಿಗೆ ಸಾಲ್ತಿರ್ಲಿಲ್ಲ. ಅಷ್ಟೇ."

"ಹೌದಾ?"

"ಹೌದು. ನಾನೇ ಬಿಚ್ಚಿದ್ದಲ್ಲ."

ಅಜ್ಜಿ ಉಸಿರು ಬಿಟ್ಟಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೇಲೆ ಗುಡ್ಡದ ಕಡೆ ಕೈ ಮುಗಿದಳು. ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದ ನಾನು ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದೆ. ಪ್ರೀತಿ ಬಂದಾಗ ಬಾಯಿ ಹೀಗೂ ಆಡುತ್ತದೆ, ಕೆಲವು ಸಲ ಆಡಬೇಕಾದಾಗ ಸುಮ್ಮನೂ ಇದ್ದುಬಿಡುತ್ತದೆ ಎಂದು ಆಗ ಅರ್ಥವಾಯಿತು. ಸುಮ್ಮನಿದ್ದವನ ಮೇಲಿನ ನನ್ನ ಸಿಟ್ಟು ಆ ಏರಿನಲ್ಲೇ ಇಳಿಯಿತು.

ಕಾರು ಮೇಲೆ ಹತ್ತಿತು. ಮೆಟ್ಟಿಲ ಹತ್ತಿರ ನಿಲ್ಲಿಸಿದಾಗ ಮುಳ್ಳು ನಡುವೆಯೇ ಇತ್ತು. ಫೋಟೋ ತೆಗೆದು ಅಪ್ಪಾಜಿಗೆ ಕಳಿಸಿದೆ. ಅಪ್ಪಾಜಿಗೆ ಟೈಪ್ ಮಾಡಲು ಬರುವುದಿಲ್ಲ, ಫೋನೇ ಮಾಡಿದರು. "ಲೋಕೇಶಂಗೆ ಹೇಳ್ದೆ. ಸಂಜೆ ಬೇಗ ಬಾ, ಎರಡು ಟ್ರ್ಯಾಕ್ಟರಿಂದು ಬಂದೈತಿ," ಎಂದು ಇಟ್ಟರು.

ಹಿಂದೆಯೇ ಅವನ ಬೈಕ್ ಬಂದು ನಿಂತಿತು. ಅಜ್ಜಿ ನಮ್ಮಿಬ್ಬರನ್ನೂ ನೋಡಿ, "ನಾನು ಅಮ್ಮನ್ನ ಮಾತಾಡಿಸ್ಬೇಕು, ಹೊತ್ತಾಗುತ್ತೆ," ಎಂದು ಮೆಟ್ಟಿಲ ಕಡೆ ನಡೆದಳು.

ಅವನು ಕಾರಿನ ಆ ಕಡೆ ನಿಂತ. ನಾನು ಈ ಕಡೆ. ನಡುವೆ ಎತ್ತಿದ ಬಾನೆಟ್, ಹಿತ್ತಾಳೆ ಬಟ್ಟಲು.

"ಅಂಗಡಿ?" ಅಂದ.

"ನಂದು."

ಅವನ ಮುಖದಲ್ಲಿ ಮೂಡಿದ ಸಮಾಧಾನ ನಾಟಕವಲ್ಲ ಎಂದು ನನಗೂ ಗೊತ್ತಾಯಿತು. "ಇನ್ನು ಕಾರು ಕೆಡಲ್ಲ ಅಲ್ವಾ?" ಅಂದ.

"ಕೆಡಲ್ಲ."

"ಹಂಗಾದ್ರೆ ನಂಗೆ ಬರೋಕೆ ನೆಪ ಇಲ್ಲ. ನೆಪ ಇಲ್ದೇ ಬರ್ಲಾ ನಾಗಶ್ರೀ? ನೀವಂದ್ರೆ ನಂಗಿಷ್ಟ. ಏಟು ತಿಂದ ದಿನದಿಂದ."

"ನಾನು ಅಂಗಡಿ ಬಿಟ್ಟು ಸೊರಬಕ್ಕೆ ಬರಲ್ಲ."

"ಶಿಕಾರಿಪುರದಲ್ಲೂ ಜಮೀನು ಅಳೀಬೇಕಲ್ಲ. ನಾನು ವರ್ಗ ಕೇಳ್ಕೋತೀನಿ."

"ನಂಗೆ ಅನುಮಾನ ಜಾಸ್ತಿ."

"ಗೊತ್ತು. ದಕ್ಷಿಣಕ್ಕೆ ಕಲ್ಲು."

ಬಟ್ಟಲಿನ ಭಂಡಾರ ನೋಡುತ್ತ ನಿಂತೆ. "ಚಕ್ಕುಬಂದಿ ತಿದ್ದೋಕೆ ಬರುತ್ತೇನ್ರೀ ನಿಮ್ಮ ಇಲಾಖೇಲಿ?"

"ಎರಡೂ ಕಡೆಯವರು ಒಪ್ಪಿದ್ರೆ ಬರುತ್ತೆ," ಅಂದ. ಏನು ಮಾಡುವುದೆಂದು ತಿಳಿಯದೆ, ಕೈಗೆ ಒಂದು ಕೆಲಸ ಬೇಕು ಎನ್ನುವವನ ಹಾಗೆ, ಬಾನೆಟ್ಟಿನೊಳಗೆ ಬಗ್ಗಿ ಮುಚ್ಚಳಕ್ಕೆ ಕೈ ಹಾಕಿದ.

ನಾನು ಆ ಕೈ ಹಿಡಿದುಕೊಂಡೆ. ಗ್ಲೌಸ್ ಇಲ್ಲದ ಕೈಯಲ್ಲಿ.

"ಇನ್ನೂ ಬಿಸಿ ಐತಿ," ಅಂದೆ. "ನಮ್ಮ ಮನೆದೇವ್ರು ವೀರಭದ್ರ. ಅಜ್ಜಿಗೆ ಹೇಳ್ರಿ."

ಅಜ್ಜಿ ಮೆಟ್ಟಿಲಿಳಿದು ಬರುವವರೆಗೂ ಕಾರು ತಣಿಯಲು ಬಿಟ್ಟೆವು. ಕೈ ಬಿಡಲಿಲ್ಲ.